‘ಇವರು ಅಲ್ಲೆಲ್ಲಾ ಹೋಗಿದ್ರಾ ಮಿಸ್?’

ನಮ್ಮ ಶಾಲೆಯ ಲೈಬ್ರರಿಯಲ್ಲಿ ‘ದಿ ಈಗಲ್ ಆಫ್ ದಿ ನೈನ್ತ್’ ಓದಿ ವಾಪಸ್ ಕೊಡುವಾಗ ಮಕ್ಕಳು ನನ್ನನ್ನು ಕೇಳುವ ಪ್ರಶ್ನೆ ಇದು. ಕಥೆಯಲ್ಲಿ ಇಬ್ಬರು ಯುವಕರು ರೋಮನ್ನರ ಗಡಿಗೋಡೆ ದಾಟಿ, ಈಗಿನ ಸ್ಕಾಟ್ಲೆಂಡಿನ ಗುಡ್ಡಗಳನ್ನು ಅಲೆಯುತ್ತಾರೆ. ಆ ಮಂಜು, ಆ ಕೆಸರು ಕಣ್ಣಿಗೆ ಕಟ್ಟುತ್ತದೆ. ಬರೆದವರು ಭಾರೀ ಅಲೆದಾಡಿದವರೇ ಇರಬೇಕು ಅಂತ ಮಕ್ಕಳ ಲೆಕ್ಕ.

ಇಲ್ಲ ಕಣ್ರೋ, ಅಂತೀನಿ. ರೋಸ್‌ಮರಿ ಸಟ್‌ಕ್ಲಿಫ್ ಬದುಕಿನ ಬಹುಪಾಲು ಗಾಲಿಕುರ್ಚಿಯಲ್ಲಿ ಕಳೆದವರು.

ಅವರು ಹುಟ್ಟಿದ್ದು 1920ರಲ್ಲಿ, ಇಂಗ್ಲೆಂಡಿನಲ್ಲಿ. ತೀರಾ ಚಿಕ್ಕವರಿದ್ದಾಗಲೇ ಕೀಲುಗಳನ್ನು ಹಾಳುಮಾಡುವ ಸ್ಟಿಲ್ಸ್ ಕಾಯಿಲೆ ಬಂತು. ಅಪ್ಪ ನೌಕಾಪಡೆಯಲ್ಲಿದ್ದರಿಂದ ಊರೂರು ಸುತ್ತಾಟ, ನಡುನಡುವೆ ಆಸ್ಪತ್ರೆ. ಒಂಬತ್ತು ವರ್ಷದ ಹೊತ್ತಿಗೂ ಓದಲು ಬರುತ್ತಿರಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಕಥೆ ಓದಿ ಹೇಳುತ್ತಿದ್ದರು. ಅದಕ್ಕೇ ಇರಬೇಕು, ಅವರ ಪುಸ್ತಕವನ್ನು ತರಗತಿಯಲ್ಲಿ ಜೋರಾಗಿ ಓದಿದರೆ ಹಿಂದಿನ ಬೆಂಚೂ ಸುಮ್ಮನಾಗುತ್ತದೆ.

14ಕ್ಕೆ ಶಾಲೆ ಬಿಟ್ಟು ಬಿಡ್‌ಫರ್ಡ್‌ನ ಕಲಾಶಾಲೆ ಸೇರಿದರು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಭಾವಚಿತ್ರ ಬರೆಯುವುದು ಅವರ ಕಸುಬಾಯಿತು. ಕೆಲಸ ಚೆನ್ನಾಗಿತ್ತು, ಆದರೆ ಅಷ್ಟು ಪುಟ್ಟ ಚಿತ್ರದಲ್ಲಿ ಅವರ ಕಲ್ಪನೆಗೆ ಜಾಗ ಸಾಲುತ್ತಿರಲಿಲ್ಲ. ಹಾಗಾಗಿ ಬರವಣಿಗೆಗೆ ಬಂದರು. 1950ರಲ್ಲಿ ಮೊದಲ ಪುಸ್ತಕಗಳು ಬಂದವು, 1954ರಲ್ಲಿ ‘ಈಗಲ್’.

ಆ ಕಾದಂಬರಿ ಹುಟ್ಟಿದ್ದು ಎರಡು ಚೂರುಗಳಿಂದ. ಬ್ರಿಟನ್ನಿನಲ್ಲಿದ್ದ ರೋಮನ್ನರ ಒಂಬತ್ತನೇ ಲೀಜನ್, ಅಂದರೆ ಸಾವಿರಾರು ಸೈನಿಕರ ದಂಡು, ಉತ್ತರಕ್ಕೆ ಹೋಗಿ ಮಾಯವಾಯಿತು ಅನ್ನುವ ಮಾತು ಒಂದು. 1866ರಲ್ಲಿ ಸಿಲ್ಚೆಸ್ಟರ್‌ನಲ್ಲಿ ಅಗೆಯುವಾಗ ಸಿಕ್ಕಿದ, ರೆಕ್ಕೆ ಕಳೆದುಕೊಂಡ ಕಂಚಿನ ಹದ್ದು ಇನ್ನೊಂದು. ಅದು ಈಗ ರೆಡಿಂಗ್ ಮ್ಯೂಸಿಯಮ್ಮಿನಲ್ಲಿದೆ. ಪ್ರತಿ ಲೀಜನ್ನೂ ಹದ್ದನ್ನು ಲಾಂಛನವಾಗಿ ಹೊತ್ತು ಸಾಗುತ್ತಿತ್ತು, ಆದರೆ ಇದು ಸೈನ್ಯದ ಲಾಂಛನವೇ ಅಲ್ಲ, ಯಾವುದೋ ದೊಡ್ಡ ಮೂರ್ತಿಯ ಭಾಗ ಅಂತ ಈಗಿನ ತಜ್ಞರು ಹೇಳುತ್ತಾರೆ. ಆ ಲೀಜನ್ನಿನ ಮುದ್ರೆಯಿರುವ ಹೆಂಚುಗಳು ನೆದರ್‌ಲೆಂಡ್ಸ್‌ನಲ್ಲೂ ಸಿಕ್ಕಿವೆ. ಅಂದರೆ ದಂಡು ಉತ್ತರದಲ್ಲಿ ಮಾಯವಾಗದೇ ಇದ್ದಿರಲೂಬಹುದು. ಇದನ್ನೂ ಮಕ್ಕಳಿಗೆ ಹೇಳುತ್ತೇನೆ. ಕಥೆಯ ಮೇಲಿನ ಪ್ರೀತಿ ಒಂಚೂರೂ ಕಡಿಮೆಯಾಗಿದ್ದು ನಾನು ನೋಡಿಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಒಂದು ಸಣ್ಣ ವಿಷಯ. ನಾಯಕ ಮಾರ್ಕಸ್ ಶತ್ರುಗಳ ನಡುವೆ ಕಣ್ಣಿನ ವೈದ್ಯನ ವೇಷದಲ್ಲಿ ತಿರುಗುತ್ತಾನೆ. ಕಣ್ಣಿನ ಮದ್ದಿನ ಮೇಲೆ ಒತ್ತುತ್ತಿದ್ದ ರೋಮನ್ ಕಾಲದ ಕಲ್ಲಿನ ಮುದ್ರೆಗಳು ಬ್ರಿಟನ್ನಿನಲ್ಲಿ ನಿಜವಾಗಿಯೂ ಸಿಕ್ಕಿವೆ! ಪುಟ್ಟ ಚಿತ್ರಗಳ ಮೇಲೆ ಬಗ್ಗಿ ಕೂತು ಪಳಗಿದ ಕಣ್ಣು ಇಂಥದ್ದನ್ನು ಬಿಡುತ್ತದಾ?

ಇನ್ನೊಂದು. ಮಾರ್ಕಸ್ ಮೊದಲ ಯುದ್ಧದಲ್ಲೇ ಕಾಲಿಗೆ ಪೆಟ್ಟು ಬಿದ್ದು ಸೈನ್ಯದಿಂದ ಹೊರಬೀಳುತ್ತಾನೆ. ಆಮೇಲಿನ ಪ್ರಯಾಣವೆಲ್ಲ ಆ ನೋಯುವ ಕಾಲಲ್ಲೇ. 1958ರ ‘ವಾರಿಯರ್ ಸ್ಕಾರ್ಲೆಟ್’ನ ಹುಡುಗ ಡ್ರೆಮ್‌ಗೆ ಒಂದು ಕೈ ಸ್ವಾಧೀನದಲ್ಲಿಲ್ಲ. ಆದರೂ ತನ್ನ ಕುಲದ ಗಂಡಸರ ಸಾಲಿಗೆ ಸೇರಲು ಅವನು ತೋಳವನ್ನು ಕೊಲ್ಲಲೇಬೇಕು. ಹತ್ತು ಹೆಜ್ಜೆ ಇಡುವುದು ಎಷ್ಟು ಕಷ್ಟ ಅನ್ನೋದು ಇವನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಓಡುವವರಿಗೆ ಅದು ಕಾಣುವುದೇ ಇಲ್ಲ, ಅಲ್ವಾ?

ಮುಂದೆ ‘ದಿ ಲ್ಯಾಂಟರ್ನ್ ಬೇರರ್ಸ್’ಗೆ ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ಕಾರ್ನೆಗಿ ಪದಕ ಬಂತು. 1992ರ ಜುಲೈ 23ರಂದು ತೀರಿಕೊಂಡರು. ಆ ಬೆಳಿಗ್ಗೆಯೂ ಬರೆಯುತ್ತಿದ್ದರಂತೆ.

ಹೋದ ವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಇಷ್ಟೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದಳು. ಆಮೇಲೆ ವಾಪಸ್ ಕೊಟ್ಟಿದ್ದ ಪುಸ್ತಕವನ್ನೇ ಮತ್ತೆ ತನ್ನ ಹೆಸರಿಗೆ ಬರೆಸಿಕೊಂಡು ಹೋದಳು.