‘ಇನ್ನೂ ನೀವೇ ಹೋಗುತ್ತೀರಾ?’ ಎಂದು ಕೇಳುವವರಿಗೆ

“ಮಕ್ಕಳಿಗೆ ರೋಯಿಂಗ್ ಕಲಿಸುತ್ತಿದ್ದೀರಲ್ಲ, ಇನ್ನೂ ನೀವೇ ಸ್ಪರ್ಧೆಗೆ ಹೋಗುತ್ತೀರಾ?”

ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಬ್ಯಾಂಕಿನ ಸಾಲಿನಲ್ಲಿ ಕೇಳುತ್ತಾರೆ, ಹಲಸೂರು ಕೆರೆಯ ದಂಡೆಯ ಮೇಲೆ ವಾಯುವಿಹಾರಕ್ಕೆ ಬಂದವರೂ ನಿಂತು ಕೇಳುತ್ತಾರೆ. ಎಲ್ಲರ ಬಾಯಲ್ಲೂ ಆ ‘ಇನ್ನೂ’ ಇದ್ದೇ ಇರುತ್ತದೆ. ನನ್ನನ್ನು ಚುಚ್ಚುವುದು ಆ ಒಂದು ಪದ. ನನಗೆ 34 ವರ್ಷ. ಹೌದು, ಹುಟ್ಟು ಹಾಕಿ ದೋಣಿ ನಡೆಸುವ ಈ ಆಟದ ಸ್ಪರ್ಧೆಗೆ ಹೋಗುತ್ತೇನೆ. ಬ್ರಿಟನ್ನಿನ ರೋಯಿಂಗ್ ಪಟು ಹೆಲೆನ್ ಗ್ಲೋವರ್ ಎರಡು ಒಲಿಂಪಿಕ್ ಚಿನ್ನ ಗೆದ್ದು, ಮೂರು ಮಕ್ಕಳನ್ನು ಹೆತ್ತು, 2024ರ ಪ್ಯಾರಿಸ್ ಕೂಟದಲ್ಲಿ 38ನೇ ವಯಸ್ಸಿಗೆ ಮತ್ತೆ ಬೆಳ್ಳಿ ಗೆದ್ದರು. ವಯಸ್ಸಿನ ಮಾತು ಇಲ್ಲಿಗೆ ಸಾಕು.

ಕಳೆದ ವರ್ಷ ಒಬ್ಬ ತಂದೆ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದರು. ಬೆಳಗಿನ ಏಳೂವರೆ. ನಾನು ಆಗಷ್ಟೇ ದೋಣಿಯಿಂದ ಇಳಿದಿದ್ದೆ. ಅಂಗೈಯ ಬೊಬ್ಬೆ ಒಡೆದು ಉರಿಯುತ್ತಿತ್ತು. “ನಿಮ್ಮ ಸ್ಪರ್ಧೆ ಒಂದನ್ನು ಬಿಟ್ಟುಬಿಡಿ ಮೇಡಂ, ಮಕ್ಕಳ ಕಡೆ ಪೂರ್ತಿ ಗಮನ ಕೊಡಬಹುದು” ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ನಾನು “ನೋಡೋಣ” ಎಂದು ದೋಣಿ ಒರೆಸಲು ಹೋದೆ. ಅಂದು ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಕ್ಕಳ ಸಮಯವನ್ನು ಕದ್ದು ಅಭ್ಯಾಸ ಮಾಡುತ್ತಿಲ್ಲ. ಅವರು ಬರುವ ಮೊದಲು ನನ್ನದು ಮುಗಿದಿರುತ್ತದೆ, ಸಂಜೆ ಎರ್ಗೋಮೀಟರ್ ಎಂಬ ರೋಯಿಂಗ್ ಯಂತ್ರದ ಮೇಲಿನ ಅಭ್ಯಾಸ ಅವರು ಮನೆಗೆ ಹೋದ ಮೇಲೆ. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ.

ಒಬ್ಬರೇ ನಡೆಸುವ ಸಿಂಗಲ್ ಸ್ಕಲ್ ದೋಣಿಯ ಉದ್ದ ಎಂಟು ಮೀಟರಿಗೂ ಮಿಗಿಲು, ತೂಕ 14 ಕಿಲೋ ಇದ್ದರೂ ಸಾಕು. ಸ್ವಲ್ಪ ವಾಲಿದರೆ ನೀರಿಗೆ ಬಿದ್ದಿರಿ. ನೋಡುವವರು ಇದನ್ನು ತೋಳಿನ ಆಟ ಎಂದುಕೊಳ್ಳುತ್ತಾರೆ, ಆದರೆ ಬಲ ಬರುವುದು ಹೆಚ್ಚಾಗಿ ಕಾಲಿನಿಂದ. ಆಸನ ಹಳಿಯ ಮೇಲೆ ಸರಿಯುತ್ತದೆ, ಮೊಣಕಾಲು ಮಡಚುತ್ತದೆ, ಹುಟ್ಟಿನ ಅಲಗು ನೀರಿಗಿಳಿಯುತ್ತದೆ, ಆಮೇಲೆ ಕಾಲು ಒತ್ತಬೇಕು. ಅಲಗು ಇಳಿಯುವ ಮೊದಲೇ ಒತ್ತಿದರೆ ಆ ಬಲವೆಲ್ಲ ಗಾಳಿಗೆ. ನನ್ನ ಬಳಿ ಕಲಿಯುವ 14 ವರ್ಷದ ಹುಡುಗಿಗೆ ಈ ಒಂದು ತಪ್ಪನ್ನು ಮೂರು ತಿಂಗಳು ಹೇಳಿದ್ದೆ. ಒಂದು ದಿನ ಅವಳು ದಂಡೆಯಿಂದ ನನ್ನ ವಿಡಿಯೋ ತೆಗೆದು, ಒಂದು ಕಡೆ ನಿಲ್ಲಿಸಿ, ಮೊಬೈಲನ್ನು ನನ್ನ ಮುಂದೆ ಹಿಡಿದಳು. “ಅಕ್ಕಾ, ಎಡಗಡೆ ನೋಡಿ.” ನನ್ನ ಕಾಲು ಒತ್ತಲು ಶುರುಮಾಡಿತ್ತು. ಎಡ ಅಲಗು ನೀರಿನಿಂದ ನಾಲ್ಕು ಬೆರಳು ಮೇಲಿತ್ತು.

ಹನ್ನೆರಡು ವರ್ಷಗಳಲ್ಲಿ ಯಾರೂ ಹಿಡಿಯದ ತಪ್ಪು ಅದು. ಅದೇ ತಪ್ಪನ್ನು ತನ್ನ ಮೈಯಿಂದ ಕಳೆದುಕೊಳ್ಳಲು ಹೆಣಗಿದವಳ ಕಣ್ಣಿಗೆ ಅದು ಬಿತ್ತು. ನಾನು ಸ್ಪರ್ಧೆ ಬಿಟ್ಟು ಶಿಳ್ಳೆ ಹಿಡಿದು ದಂಡೆಯ ಮೇಲೆ ನಿಂತಿದ್ದರೆ ಅವಳು ಯಾರ ವಿಡಿಯೋ ತೆಗೆಯುತ್ತಿದ್ದಳು?

ಇನ್ನೊಂದು ಕಾರಣ ನನ್ನ ಬಳಿ ಕಲಿಯುವ ಹುಡುಗಿಯರು. 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ರೋಯಿಂಗ್‌ನಲ್ಲಿ ಭಾರತದ ಪ್ರತಿಮಾ ಪುಹಾನಾ, ಪ್ರಮೀಳಾ ಮಿಂಜ್ ಎಂಬ ಮಹಿಳೆಯರ ಜೋಡಿ ಕಂಚು ತಂದಿತ್ತು. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತಕ್ಕೆ ರೋಯಿಂಗ್‌ನಲ್ಲಿ ಬಂದದ್ದು 5 ಪದಕ, ಐದೂ ಪುರುಷರದ್ದು. ಆ ಪುರುಷರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ನನ್ನ ಗುಂಪಿನ ಹುಡುಗಿಯರು ಬೆಳಗ್ಗೆ ಕೆರೆಗೆ ಬಂದಾಗ ಒಬ್ಬ ಹೆಂಗಸು ಆಗಲೇ ಬೆವರಿ ದಡ ಸೇರುತ್ತಿರುವುದನ್ನು ಕಾಣಬೇಕು. ಅದನ್ನು ಬಾಯಿಮಾತಿನಲ್ಲಿ ಕಲಿಸಲು ನನಗೆ ಬರುವುದಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ಅದನ್ನು ಯಾರೂ ಕೇಳಿಲ್ಲ. ಸೋತು ಬಂದ ಮರುದಿನ ಮಕ್ಕಳ ಮುಂದೆ ಹೇಗೆ ನಿಂತಿರಿ?

ಹೇಳುತ್ತೇನೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ 2000 ಮೀಟರ್ ಸ್ಪರ್ಧೆ, ಆರು ದೋಣಿಗಳ ಫೈನಲ್. ನಮ್ಮ ಆಟದಲ್ಲಿ ಗುರಿಗೆ ಬೆನ್ನು ಮಾಡಿ ಕುಳಿತಿರುತ್ತೇವೆ. ಮುಂದೆ ಹೋದವರು ಕಣ್ಣಿಗೆ ಬೀಳುವುದಿಲ್ಲ, ಹಿಂದೆ ಉಳಿದವರು ಮಾತ್ರ ಕಾಣುತ್ತಾರೆ. 1500 ಮೀಟರ್ ದಾಟುವಾಗ ನನಗೆ ಕಂಡದ್ದು ಒಂದೇ ದೋಣಿ. ಐದನೆಯವಳಾಗಿದ್ದೇನೆ ಎಂದು ತಿಳಿಯಲು ಬೇರೇನೂ ಬೇಕಿರಲಿಲ್ಲ. ಐದನೆಯವಳಾಗಿಯೇ ಮುಗಿಸಿದೆ.

ಬೆಂಗಳೂರಿಗೆ ಮರಳಿದ ಮರುದಿನ ಮಕ್ಕಳು ನನ್ನ ಮುಖ ನೋಡಲು ಹಿಂಜರಿದರು. ನಾನು ಒಂದು ಹಾಳೆಯಲ್ಲಿ ಪ್ರತಿ 500 ಮೀಟರಿಗೆ ತೆಗೆದುಕೊಂಡ ಸಮಯವನ್ನು ಬರೆದು ದೋಣಿಮನೆಯ ಬಾಗಿಲಿಗೆ ಅಂಟಿಸಿದೆ: 2:00, 2:08, 2:16, 2:12. ಮೊದಲ 500 ಮೀಟರಿನಲ್ಲಿ ದುರಾಸೆಗೆ ಬಿದ್ದೆ, ಮೂರನೆಯದರಲ್ಲಿ ಅದರ ಬೆಲೆ ತೆತ್ತೆ ಎಂದು ವಿವರಿಸಿದೆ. ಒಬ್ಬ ಹುಡುಗ ಕೇಳಿದ: “ಕೊನೆಯ 500ರಲ್ಲಿ ನಾಲ್ಕು ಸೆಕೆಂಡು ಎಲ್ಲಿಂದ ಬಂತು ಅಕ್ಕಾ? ಅಷ್ಟು ಉಳಿದಿದ್ದರೆ ಮೂರನೆಯದರಲ್ಲಿ ಯಾಕೆ ಹಾಕಲಿಲ್ಲ?” ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿಯಿಡೀ ಯೋಚಿಸಿದೆ. ಮರುದಿನ ಬಂದು ಅವನಿಗೆ ನಿಜ ಹೇಳಿದೆ: ಮೂರನೆಯ 500ರಲ್ಲಿ ನನಗೆ ಹೆದರಿಕೆಯಾಗಿತ್ತು, ಕೊನೆಯದರಲ್ಲಿ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ.

ಆ ಹಾಳೆ ಈಗಲೂ ಬಾಗಿಲ ಮೇಲಿದೆ. ಅದರ ಕೆಳಗೆ ಮಕ್ಕಳು ಪೆನ್ಸಿಲಿನಲ್ಲಿ ತಮ್ಮ ತಮ್ಮ ಸಮಯಗಳನ್ನು ಬರೆದುಕೊಂಡಿದ್ದಾರೆ. 2:16ರ ಸುತ್ತ ಯಾರೋ ಕೆಂಪು ಶಾಯಿಯಲ್ಲಿ ವೃತ್ತ ಎಳೆದು, ನಾನು ದಿನಾ ದಂಡೆಯಿಂದ ಅವರಿಗೆ ಕೂಗುವ ಮಾತನ್ನೇ ಪಕ್ಕದಲ್ಲಿ ಬರೆದಿದ್ದಾರೆ: “ಕಾಲು ಅಕ್ಕಾ, ಕಾಲು!”