ಹುಬ್ಬಳ್ಳಿಯಿಂದ ಕಡಮತ್ ದ್ವೀಪಕ್ಕೆ: ಹೋಗುವವರಿಗೆ ಹೇಳಬೇಕಾದ ಮಾತು

ಲಕ್ಷದ್ವೀಪದ ಕಡಮತ್‌ನಲ್ಲಿ ನಾವು ಉಳಿದ ಮನೆಯ ಅಂಗಳದಲ್ಲಿ ಒಂದು ಬಾವಿ ಇತ್ತು. ಇಣುಕಿದರೆ ನೀರು ಬಲು ಮೇಲೆ, ನಾಲ್ಕು ಮೊಳ ಹಗ್ಗ ಸಾಕು. ನಮ್ಮವ್ವ ಕಟ್ಟೆಗೆ ಕೈ ಊರಿ ಬಾವಿಯನ್ನೊಮ್ಮೆ, ಆಚೆ ನೂರು ಹೆಜ್ಜೆಯಲ್ಲಿದ್ದ ಸಮುದ್ರವನ್ನೊಮ್ಮೆ ನೋಡಿದಳು. "ಸಮುದ್ರದ ಬಾಜೂಕ ಬಾವಿ ತೋಡ್ಯಾರಲ್ಲ, ಸವುಳ ಇರೂದಿಲ್ಲೇನ?" ಎಂದು ಕೇಳಿದಳು. ಮನೆಯಾಕೆಗೆ ಮಾತು ತಿಳಿಯಲಿಲ್ಲ, ಕೇಳಿದ್ದು ತಿಳಿಯಿತು. ಒಂದು ಚೊಂಬು ಸೇದಿ ಕೊಟ್ಟರು. ಅವ್ವ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನೋಡಿ, ನುಂಗಿ, "ಒಂಚೂರು ಸವುಳ ಐತಿ. ಆದ್ರ ನಮ್ಮೂರ ಬಾವೀಕಿಂತ ಭಾಳ ಚಲೋ ಐತಿ" ಅಂದಳು.

ನಮ್ಮೂರು ನರಗುಂದ ತಾಲೂಕಿನ ಒಂದು ಹಳ್ಳಿ. ಈಗ ಹುಬ್ಬಳ್ಳಿಯಲ್ಲಿದ್ದೇವೆ. ಎರೆ ಸೀಮೆಯವರಿಗೆ ಸವುಳು ನೀರಿನ ಕಷ್ಟ ಹೇಳಿಕೊಡಬೇಕಿಲ್ಲ. ಬಾವಿ ತೋಡಿದರೂ ಉಪ್ಪು, ಬೋರ್ ಹೊಡೆಸಿದರೂ ಉಪ್ಪು. ಕೆರೆ ನೀರು ಹೊತ್ತು ತಂದೇ ಅವ್ವ ನಮ್ಮನ್ನು ಬೆಳೆಸಿದ್ದು. ಹಾಗಾಗಿ ಲಕ್ಷದ್ವೀಪವನ್ನು ನಾವು ನೋಡಿದ್ದೇ ನೀರಿನ ಕಣ್ಣಿನಿಂದ. ನೀವೂ ಹೋಗುವುದಾದರೆ, ಅಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಅನ್ನುವುದನ್ನು ತಿಳಿದುಕೊಂಡೇ ಹೋಗಿ. ಹೇಗೆ ಇರಬೇಕು, ಏನು ಒಯ್ಯಬೇಕು ಅನ್ನುವುದು ಅರ್ಧ ಅಲ್ಲೇ ತಿಳಿಯುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾಗದಪತ್ರ.

ಲಕ್ಷದ್ವೀಪದಲ್ಲಿ 36 ದ್ವೀಪಗಳಿವೆ, ಜನ ಇರುವುದು 10ರಲ್ಲಿ. ಎಲ್ಲ ಸೇರಿಸಿದರೂ ನೆಲ 32 ಚದರ ಕಿ.ಮೀ. ಮಾತ್ರ. ನಮ್ಮ ದೇಶದ್ದೇ ಆದರೂ ಹೋಗಲು ಪರ್ಮಿಟ್ ಬೇಕು. ಅರ್ಜಿ ಆನ್‌ಲೈನ್. ಯಾವ ದ್ವೀಪ, ಎಷ್ಟು ದಿನ ಅನ್ನುವುದು ಅದರಲ್ಲೇ ಬರುತ್ತದೆ. ನಮಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೂಡ ಕೇಳಿದರು. ಅದನ್ನು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಪಡೆದೆವು. ನಿಯಮ ಆಗಾಗ ಬದಲಾಗುತ್ತದೆ, ನೀವು ಹೋಗುವ ಹೊತ್ತಿಗೆ ಇನ್ನೊಮ್ಮೆ ನೋಡಿಕೊಳ್ಳಿ. ನಮ್ಮದು ಒಂದು ಕಡೆ ಸಿಕ್ಕಿಬಿತ್ತು. ಟೂರ್ ಏಜೆಂಟ್ ಒಬ್ಬರಿಗೆ ಅರ್ಜಿ ತುಂಬಲು ಕೊಟ್ಟಿದ್ದೆವು. ಅವ್ವನ ಹೆಸರನ್ನು ಆಧಾರ್‌ನಲ್ಲಿ ಇದ್ದ ಹಾಗೆ ಬರೆಯಲಿಲ್ಲ, ಒಂದು ಅಕ್ಷರ ಜಾಸ್ತಿ. ಅಷ್ಟಕ್ಕೇ ಹನ್ನೊಂದು ದಿನ ಹೋಯಿತು. ಯಾರೇ ತುಂಬಲಿ, ಸಲ್ಲಿಸುವ ಮುಂಚೆ ನೀವೇ ಕೂತು ಅಕ್ಷರ ಅಕ್ಷರ ಓದಿ. ಪರ್ಮಿಟ್ ಕೈಗೆ ಬರುವ ತನಕ ಬಾಕಿ ಟಿಕೆಟ್‌ಗೆ ಆತುರ ಪಡಬೇಡಿ.

ಹೋಗುವ ಕಾಲ ಅಂದರೆ ಅಕ್ಟೋಬರ್‌ನಿಂದ ಮೇ ಮೊದಲ ವಾರದವರೆಗೆ. ನಾವು ಹೋದದ್ದು ಫೆಬ್ರವರಿಯಲ್ಲಿ, ಸಮುದ್ರ ಶಾಂತವಾಗಿತ್ತು. ಮಳೆಗಾಲದಲ್ಲಿ ಹಡಗಿನ ಓಡಾಟವನ್ನು ನಂಬಿಕೊಳ್ಳಲು ಆಗುವುದಿಲ್ಲ.

ದಾರಿ ಕೊಚ್ಚಿಯ ಮೇಲೆ. ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ನೇರ ರೈಲಿದೆ, ನಮ್ಮ ದಿನಕ್ಕೆ ಅದು ಹೊಂದಲಿಲ್ಲ. ರಾತ್ರಿ ರೈಲಿಗೆ ಬೆಂಗಳೂರು, ಮರುದಿನ ರಾತ್ರಿ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಹಿಡಿದು ಎರ್ನಾಕುಲಂ. ಈ ರೈಲಿಗೆ ಹಳಬರು ಐಲ್ಯಾಂಡ್ ಎಕ್ಸ್‌ಪ್ರೆಸ್ ಅನ್ನುತ್ತಾರೆ. ಹಿಂದೆ ಅದು ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದ ತನಕ ಹೋಗುತ್ತಿತ್ತು, ಹೆಸರು ಅಲ್ಲಿಂದ ಬಂದದ್ದು. ಲಕ್ಷದ್ವೀಪದ ಹಡಗು ಹತ್ತುವುದೂ ಅದೇ ವಿಲ್ಲಿಂಗ್ಡನ್ ದ್ವೀಪದಲ್ಲಿ. ಹೋಗುವ ದಿನ ಬೆಳಿಗ್ಗೆ ಇಳಿದು ಮಧ್ಯಾಹ್ನ ಹಡಗು ಹತ್ತುವ ಲೆಕ್ಕ ಇಟ್ಟುಕೊಳ್ಳಬೇಡಿ. ಹಿಂದಿನ ದಿನವೇ ಕೊಚ್ಚಿ ಮುಟ್ಟಿ.

ವಿಮಾನವೂ ಇದೆ. ಅಗತ್ತಿ ದ್ವೀಪದಲ್ಲಿ ಸಣ್ಣ ನಿಲ್ದಾಣ, ಕೊಚ್ಚಿಯಿಂದ ಸುಮಾರು ಒಂದೂವರೆ ತಾಸು. ಚಿಕ್ಕ ವಿಮಾನ, ಸಾಮಾನಿಗೆ ಮಿತಿ ಕಡಿಮೆ. ಕಡಮತ್‌ಗೆ ಹೋಗಲು ಅಗತ್ತಿಯಿಂದ ಮತ್ತೆ ದೋಣಿ ಬೇಕು. ನನಗೆ ಕೇಳಿದರೆ ಹೋಗುವಾಗಲಾದರೂ ಹಡಗಿನಲ್ಲೇ ಹೋಗಿ. ಕೊಚ್ಚಿಯಿಂದ ಕಡಮತ್ 400 ಕಿ.ಮೀ. ದಾಟುತ್ತದೆ. ಒಂದು ಸಂಜೆ, ಒಂದು ರಾತ್ರಿ ಬರೀ ನೀರು ನೋಡಿದ ಮೇಲೆ ಬೆಳಿಗ್ಗೆ ತೆಂಗಿನ ತಲೆಗಳು ಕಾಣುತ್ತವೆ. ಆಗಲೇ ದ್ವೀಪ ಅಂದರೇನು ಅಂತ ಗೊತ್ತಾಗುವುದು.

ಒಂದೇ ದ್ವೀಪದಲ್ಲಿ ಕೂರಲು ಮನಸ್ಸಿಲ್ಲದವರಿಗೆ ಲಕ್ಷದ್ವೀಪ ಆಡಳಿತದ, ಪ್ರವಾಸ ನೋಡಿಕೊಳ್ಳುವ 'ಸ್ಪೋರ್ಟ್ಸ್' ಅನ್ನುವ ಸಂಸ್ಥೆಯ 'ಸಮುದ್ರಂ' ಪ್ಯಾಕೇಜ್ ಇದೆ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳಲ್ಲಿ, ರಾತ್ರಿ ಹಡಗಿನಲ್ಲಿ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಇದೆ, ಅಲ್ಲಿಯ ಭಾಷೆಯೂ ಬೇರೆ, ಮಹಲ್. ವಯಸ್ಸಾದವರಿಗೆ ದಿನದಿನ ಇಳಿದು ಹತ್ತುವುದು ಕಷ್ಟ ಅನ್ನಿಸಿ ನಾವು ಅದನ್ನು ಬಿಟ್ಟೆವು.

ಇಳಿಯುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಷ್ಟೋ ಸಲ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ದೂರದಲ್ಲೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲು ತೆರೆಯುತ್ತಾರೆ. ಕೆಳಗೆ ಒಂದು ಸಣ್ಣ ದೋಣಿ ಬಂದು ತಾಗುತ್ತದೆ. ಅಲೆಗೆ ಅದು ಒಮ್ಮೆ ನಿಮ್ಮ ಮೊಣಕಾಲಿನ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಆಳೆತ್ತರ ಕೆಳಗೆ ಹೋಗುತ್ತದೆ. ಏರಿದಾಗ ದಾಟಬೇಕು. ಅವ್ವ ಬಾಗಿಲಲ್ಲಿ ಸೀರೆ ನೆರಿಗೆ ಎತ್ತಿ ಕಟ್ಟಿ ನಿಂತಿದ್ದಳು. ದೋಣಿಯ ಇಬ್ಬರು ಹುಡುಗರು ಅವಳ ಎರಡೂ ರಟ್ಟೆ ಹಿಡಿದು, "ಅಮ್ಮಾ, ನಿಲ್ಲ್... ನಿಲ್ಲ್..." ಅನ್ನುತ್ತಾ ಮೂರು ಅಲೆ ಬಿಟ್ಟರು. ನಾಲ್ಕನೆಯದಕ್ಕೆ ಎತ್ತಿ ಇಟ್ಟೇ ಬಿಟ್ಟರು. ಅವರು ಹೇಳುವ ತನಕ ಕಾಲು ತೆಗೆಯಬೇಡಿ, ಹೇಳಿದ ಮೇಲೆ ಯೋಚನೆ ಮಾಡಬೇಡಿ. ಎರಡೂ ಕೈ ಖಾಲಿ ಇರಲಿ. ಸಾಮಾನು ಬೆನ್ನಿಗೆ ಹಾಕುವ ಚೀಲದಲ್ಲಿ ಇರಲಿ, ಗಾಲಿ ಸೂಟ್‌ಕೇಸ್ ಬೇಡವೇ ಬೇಡ. ಮೊಣಕಾಲು ತೀರಾ ನೋವಿರುವವರನ್ನು ಕರೆದೊಯ್ಯುವ ಮುಂಚೆ ಡಾಕ್ಟರನ್ನು ಕೇಳಿ. ಹಡಗಿನಲ್ಲಿ ವಾಂತಿ ಆಗದ ಹಾಗೆ ಗುಳಿಗೆಯನ್ನೂ ಅವರ ಹತ್ತಿರವೇ ಬರೆಸಿಕೊಳ್ಳಿ, ಹತ್ತುವ ಮುಂಚೆ ತೆಗೆದುಕೊಳ್ಳಬೇಕು.

ಈಗ ನೀರು. ಲಕ್ಷದ್ವೀಪದಲ್ಲಿ ಹೊಳೆ ಇಲ್ಲ, ಹಳ್ಳ ಇಲ್ಲ. ನೆಲವೆಲ್ಲ ಹವಳದ ಮರಳು. ಮಳೆ ಚೆನ್ನಾಗಿ ಬರುತ್ತದೆ, ನಮ್ಮ ಗದಗ ಸೀಮೆಯ ಎರಡು ಪಟ್ಟಿಗಿಂತ ಜಾಸ್ತಿ. ಬಿದ್ದ ನೀರು ಮರಳಿನಲ್ಲಿ ಇಳಿದು ಒಳಗಿನ ಉಪ್ಪು ನೀರಿನ ಮೇಲೆ ತೇಲಿ ನಿಲ್ಲುತ್ತದೆ. ಸಿಹಿ ನೀರು ಹಗುರ ಅಲ್ವಾ, ಹಾಲಿನ ಮೇಲೆ ಕೆನೆ ನಿಂತ ಹಾಗೆ. ಬಾವಿಯಲ್ಲಿ ಸಿಗುವುದು ಆ ಕೆನೆ. ಜಾಸ್ತಿ ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಕಡಮತ್‌ನ ಉದ್ದ ಸುಮಾರು 9 ಕಿ.ಮೀ., ಅಗಲ ಎಲ್ಲಿ ಹೆಚ್ಚೋ ಅಲ್ಲೂ ಅರ್ಧ ಕಿ.ಮೀ. ಆಸುಪಾಸು. ಇಷ್ಟು ಕಿರಿದಾದ ನೆಲದ ಕೆಳಗೆ ಎಷ್ಟು ಕೆನೆ ನಿಂತೀತು?

ಅದಕ್ಕೇ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ಕಟ್ಟಿದ್ದಾರೆ. ಮೊದಲನೆಯದು ಕವರತ್ತಿಯಲ್ಲಿ, 2005ರಲ್ಲಿ. ಕಡಮತ್‌ನದು 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ 1.5 ಲಕ್ಷ ಲೀಟರ್. ಮೇಲಿನ ಬೆಚ್ಚನೆಯ ನೀರನ್ನು ಗಾಳಿಯ ಒತ್ತಡ ತೀರಾ ಕಡಿಮೆ ಇರುವ ತೊಟ್ಟಿಗೆ ಬಿಡುತ್ತಾರೆ. ಅಲ್ಲಿ ಬೆಂಕಿ ಇಲ್ಲದೇ ಅದರಲ್ಲಿ ಸ್ವಲ್ಪ ಆವಿಯಾಗುತ್ತದೆ. ನೂರಾರು ಮೀಟರ್ ಆಳದಿಂದ ತಣ್ಣನೆಯ ನೀರನ್ನು ಪೈಪಿನಲ್ಲಿ ಎಳೆದು ಆ ಆವಿಯನ್ನು ತಣಿಸುತ್ತಾರೆ. ಸಿಹಿ ನೀರು ತೊಟ್ಟಿಕ್ಕುತ್ತದೆ. ಇದನ್ನು ಹೇಳಿದಾಗ ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಂದ್ರ ಇವರ ಕೆರಿ ಸಮುದ್ರದಾಗ ಐತಿ" ಅಂದಳು.

ಇಷ್ಟು ತಿಳಿದ ಮೇಲೆ ಷವರ್ ಕೆಳಗೆ ಅರ್ಧ ತಾಸು ನಿಲ್ಲಲು ಮನಸ್ಸು ಬರುವುದಿಲ್ಲ. ಬಕೆಟ್‌ನಲ್ಲಿ ಸ್ನಾನ ಮಾಡಿ. ದಿನಕ್ಕೊಂದು ಜೊತೆ ಬಟ್ಟೆ ಒಗೆಯುವ ಲೆಕ್ಕ ಬೇಡ, ಬೇಗ ಒಣಗುವ ಬಟ್ಟೆ ಒಯ್ಯಿರಿ. ಸ್ಟೀಲ್ ಬಾಟಲಿ ತಂದರೆ ಮನೆಯಲ್ಲೇ ತುಂಬಿಕೊಡುತ್ತಾರೆ. ಪ್ಲಾಸ್ಟಿಕ್ ಏನೇ ಒಯ್ದಿದ್ದರೂ ವಾಪಸ್ ತನ್ನಿ. ಅಲ್ಲಿ ಕಸ ಹಾಕಲು ಜಾಗ ಎಲ್ಲಿದೆ?

ಊಟ ಅಂದರೆ ಅನ್ನ, ತೆಂಗು, ಟ್ಯೂನಾ ಮೀನು. ಮೀನು ತಿನ್ನುವವರಿಗೆ ಹಬ್ಬ. ನಾವು ಶಾಕಾಹಾರಿಗಳು. ಮೊದಲೇ ಹೇಳಿದ್ದರಿಂದ ಅನ್ನ, ಬೇಳೆ, ತೆಂಗಿನಕಾಯಿ ಚಟ್ನಿ ತಪ್ಪದೇ ಸಿಕ್ಕಿತು. ತರಕಾರಿ ಹಡಗಿನಲ್ಲೇ ಬರಬೇಕು, ಹಾಗಾಗಿ ಇದೇ ಬೇಕು ಅಂತ ಕೇಳುವುದು ಸರಿಯಲ್ಲ. ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ: ಖಡಕ್ ರೊಟ್ಟಿ. ನಲವತ್ತು ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಚಟ್ನಿ ಪುಡಿ ಒಯ್ದಿದ್ದೆವು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲೇ ಇಡಿ. ಉಪ್ಪು ಗಾಳಿಗೆ ಬಟ್ಟೆಯಲ್ಲಿ ಸುತ್ತಿಟ್ಟದ್ದು ಎರಡೇ ದಿನಕ್ಕೆ ಮೆತ್ತಗಾಯಿತು. ಮನೆಯವರಿಗೆ ಧಾರವಾಡ ಪೇಡೆ ಕೊಟ್ಟೆವು. ಅವರು ತೆಂಗಿನ ನೀರಾ ಕಾಯಿಸಿದ, ನಮ್ಮ ಜೋನಿಬೆಲ್ಲದಂಥ ಪಾಕ ಕೊಟ್ಟರು. ರೊಟ್ಟಿಗೆ ಅದನ್ನು ಹಚ್ಚಿಕೊಂಡು ತಿಂದು ನೋಡಿ.

ಆ ಮನೆ ಮನೆಯಾಕೆಯದು. ಗಂಡನೇ ಹೆಂಡತಿಯ ಮನೆಗೆ ಬಂದವರು. ಅಲ್ಲಿ ತರವಾಡಿನ, ಅಂದರೆ ತಾಯಿಯ ಕಡೆಯ ಮನೆತನದ, ಆಸ್ತಿ ತಾಯಿಯಿಂದ ಮಗಳಿಗೆ ಸಾಗುತ್ತದೆ. ಜನ ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು, ಮಾತು ಮಲಯಾಳಂನ ಜೆಸರಿ. ಊರೊಳಗೆ ಮೈ ತುಂಬ ಬಟ್ಟೆ ಇರಲಿ, ಫೋಟೊ ತೆಗೆಯುವ ಮುಂಚೆ ಕೇಳಿ. ಬಂಗಾರಂ ದ್ವೀಪ ಬಿಟ್ಟರೆ ಎಲ್ಲೂ ಮದ್ಯ ಇಲ್ಲ. ನಾವು "ಮಂಗಳೂರು" ಅಂದಾಗ ಮನೆಯ ಅಜ್ಜ ಕಣ್ಣರಳಿಸಿದರು. ಕಡಮತ್, ಅಮಿನಿ ಮುಂತಾದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕೆನರಾ ಜಿಲ್ಲೆಗೇ ಸೇರಿದ್ದವು. ತೆಂಗಿನ ನಾರು ಮಂಗಳೂರಿಗೆ ಹೋಗುತ್ತಿತ್ತು, ಅಕ್ಕಿ ಅಲ್ಲಿಂದ ದ್ವೀಪಕ್ಕೆ ಬರುತ್ತಿತ್ತು. ಈಗಲೂ ಮಂಗಳೂರಿನ ದಕ್ಕೆಯಿಂದ ಮಂಜಿ ಅನ್ನುವ ಸರಕಿನ ದೋಣಿಗಳಲ್ಲಿ ಸಾಮಾನು ಹೋಗುತ್ತದೆ.

ರಾತ್ರಿಯ ನಿಶ್ಶಬ್ದ ಬೇರೆಯೇ. ಮೊದಲ ರಾತ್ರಿ ಏನೋ ಕಡಿಮೆ ಇದೆ ಅನ್ನಿಸಿ ಎಚ್ಚರವಾಗಿಯೇ ಇದ್ದೆ. ಬೆಳಿಗ್ಗೆ ಹೊಳೆಯಿತು, ನಾಯಿ ಬೊಗಳುವ ಸದ್ದಿಲ್ಲ. ಲಕ್ಷದ್ವೀಪದಲ್ಲಿ ಬೀದಿ ನಾಯಿಗಳೇ ಇಲ್ಲ.

ಪಶ್ಚಿಮಕ್ಕೆ ಲಗೂನ್ ಇದೆ, ಅಂದರೆ ಹವಳದ ದಿಬ್ಬದ ಒಳಗಿನ ಶಾಂತ ಸಮುದ್ರ, ಸೊಂಟದುದ್ದ ತಿಳಿನೀರು. ಕನ್ನಡಕ, ಉಸಿರು ಕೊಳವೆ ಬಾಡಿಗೆಗೆ ಸಿಗುತ್ತವೆ. ಹವಳ ನೋಡುವಾಗ ಕಾಲು ಊರಬೇಡಿ, ಅದು ಕಲ್ಲಲ್ಲ, ಜೀವ. ಸಮುದ್ರ ಕಾದು 1998, 2010, 2016ರಲ್ಲಿ ಅಲ್ಲಿಯ ಹವಳ ಬಿಳಿಚಿ ಸತ್ತಿದೆ, 2024ರಲ್ಲಿ ಮತ್ತೆ ಬಿಳಿಚಿತು. ಬೂದಿ ಬಣ್ಣದ ಸತ್ತ ಕೊಂಬೆಗಳ ನಡುವೆ ಹೆಬ್ಬೆರಳಷ್ಟು ನೇರಳೆ ಚಿಗುರು ಕಂಡೆ. ಅದರ ತುದಿಯಲ್ಲಿ ಉಗುರಿನಷ್ಟು ನೀಲಿ ಮೀನು. ನಾನು ಹತ್ತಿರ ಹೋದಾಗ ಒಳಗೆ ಸೇರಿ, ದೂರ ಸರಿದಾಗ ಹೊರಗೆ ಬರುತ್ತಿತ್ತು. ಹವಳದ ಚೂರನ್ನೂ ಚೀಲಕ್ಕೆ ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಕೈಯಲ್ಲಿ ನಗದು ಇರಲಿ. ದಿನದ ಔಷಧಿ ಒಂದು ವಾರ ಹೆಚ್ಚಿಗೆ ಇರಲಿ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತವೆ.

ಮರಳುವ ಟಿಕೆಟ್‌ಗೆ ಕಡಿಮೆ ಅಂದರೂ ಎರಡು ದಿನ ಅಂತರ ಬಿಡಿ. ನಮ್ಮ ಹಡಗು ಒಂದು ದಿನ ತಡವಾಯಿತು. ಎರ್ನಾಕುಲಂನಿಂದ ಬುಕ್ ಮಾಡಿದ್ದ ರೈಲು ತಪ್ಪಿತು, ದುಡ್ಡು ಹೋಯಿತು, ಬೆಂಗಳೂರಿಗೆ ಬಸ್ಸಿನಲ್ಲಿ ಬಂದೆವು. ನಾನು ಫೋನ್ ಹಿಡಿದು ಟಿಕೆಟ್ ಹುಡುಕುತ್ತಿದ್ದ ಆ ದಿನವೆಲ್ಲ ಅವ್ವ ಮನೆಯಾಕೆಯ ಜೊತೆ ಬಾವಿ ಕಟ್ಟೆಯ ಮೇಲೆ ಕೂತಿದ್ದಳು. ಇವಳದು ಕನ್ನಡ, ಅವರದು ಜೆಸರಿ. ಸಂಜೆ ನಾನು ಹೋದಾಗ ಅವ್ವ ಹೇಳಿದಳು: "ಮಳಿ ಹೋದ ಮ್ಯಾಲ ಮೂರು ತಿಂಗಳು ಸಿಹಿ ಇರ್ತದಂತ. ಏಪ್ರಿಲ್‌ದಾಗ ಇವರದೂ ನಮ್ಮಂಗ ಸವುಳ ಆಗ್ತದಂತ."