ಸೆರಗಿನ ಒಳಮೈ

2022ರ ನಾಗರ ಅಮಾವಾಸ್ಯೆಯ ದಿನ, ಪಂಚಮಿಗೆ ಇನ್ನು ಐದೇ ದಿನ ಉಳಿದಿದ್ದಾಗ, ಇಳಕಲ್ಲಿನ ನಮ್ಮ ಅಂಗಡಿಗೆ ಅಂಚೆಯವರು ಒಂದು ಪಾರ್ಸೆಲ್ ತಂದುಕೊಟ್ಟರು. ಎರಡು ವಾರದ ಹಿಂದೆ ನಾನೇ ಕಟ್ಟಿ, ನಾನೇ ವಿಳಾಸ ಬರೆದು ಪುಣೆಗೆ ಕಳಿಸಿದ್ದ ಸೀರೆ ಅದರೊಳಗಿತ್ತು. ಒಂದು ಮಡಿಕೆಯೂ ಕೆಟ್ಟಿರಲಿಲ್ಲ. ಬಿಚ್ಚಿ ನೋಡಿದವರು ಮತ್ತೆ ಅಷ್ಟೇ ಜೋಪಾನವಾಗಿ ಮಡಚಿ ಕಳಿಸಿದ್ದರು. ಮೇಲೆ ಮರಾಠಿಯಲ್ಲಿ ಬರೆದ ಒಂದು ಚೀಟಿಯಿತ್ತು. ಶುದ್ಧ ರೇಷ್ಮೆ ಎಂದು ನೀವು ಬರೆದಿದ್ದೀರಿ, ಇದು ರೇಷ್ಮೆಯಲ್ಲ, ಫೋಟೋದಲ್ಲಿ ಕಂಡ ಕೆಂಪೂ ಇದಲ್ಲ, ನಮ್ಮ ಅಜ್ಜಿ ಜೀವಮಾನವೆಲ್ಲ ಇರಕಲ್ ಸೀರೆ ಉಟ್ಟವರು, ಮುಟ್ಟಿದರೆ ನನಗೆ ಗೊತ್ತಾಗುತ್ತದೆ ಎಂಬುದು ಅದರ ಸಾರಾಂಶ. ಫೋನ್ ತೆಗೆದು ನೋಡಿದರೆ, ಗೂಗಲ್ ನಕ್ಷೆಯಲ್ಲಿ ನಮ್ಮ ಅಂಗಡಿಯ ಹೆಸರಿನ ಕೆಳಗೆ ಒಂದೇ ಒಂದು ನಕ್ಷತ್ರದ ಜೊತೆ ಅದೇ ಮಾತು ಆಗಲೇ ಬಂದು ಕೂತಿತ್ತು.

ಚೀಟಿಯಲ್ಲಿದ್ದ ಒಂದು ಮಾತೂ ಸುಳ್ಳಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮನೆತನದ್ದು ಆರು ಕುಣಿಮಗ್ಗಗಳ, ಅಂದರೆ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಕೈಮಗ್ಗಗಳ, ಸಣ್ಣ ವ್ಯವಹಾರ. ಮೂರು ಮಗ್ಗ ಮನೆಯಲ್ಲಿ, ಮೂರು ಪಕ್ಕದ ಓಣಿಯ ನೇಕಾರರ ಮನೆಗಳಲ್ಲಿ ನಡೆಯುತ್ತವೆ. ಅತ್ತೆಯ ಕಾಲದಿಂದಲೂ ಮಾರಾಟದ ದಾರಿ ಎರಡೇ: ಸೊಲ್ಲಾಪುರ, ಕೊಲ್ಹಾಪುರದ ಕಡೆಯ ವ್ಯಾಪಾರಿಗಳು ಬಂದು ಕಟ್ಟುಗಟ್ಟಲೆ ಒಯ್ಯುವುದು, ಉಳಿದದ್ದನ್ನು ಅಂಗಡಿಯ ಗಾದಿಯ ಮೇಲೆ ಕೂತ ಹೆಂಗಸರಿಗೆ ಒಂದೊಂದಾಗಿ ಬಿಚ್ಚಿ ತೋರಿಸಿ ಮಾರುವುದು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ, ಲಗ್ನದ ಕಾಲಕ್ಕೆಂದು ನೇಯಿಸಿದ್ದ 140 ಸೀರೆಗಳು ಕಪಾಟಿನಲ್ಲೇ ಉಳಿದವು. ಆಗ ನಾನು ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಶಾಲೆಯೂ ಮುಚ್ಚಿತ್ತು, ಸಂಬಳವೂ ನಿಂತಿತ್ತು. ಹೊತ್ತು ಇತ್ತು, ಒಂದು ಫೋನ್ ಇತ್ತು. ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಂಡು, ಅದರ ಕ್ಯಾಟಲಾಗ್‌ನಲ್ಲಿ ಒಂದೊಂದೇ ಸೀರೆಯ ಫೋಟೋ ಏರಿಸತೊಡಗಿದೆ. ಅದೇ ಜುಲೈನಲ್ಲಿ ಇನ್‌ಸ್ಟಾಗ್ರಾಂನವರು ಭಾರತದಲ್ಲಿ ರೀಲ್ಸ್ ಶುರುಮಾಡಿದಾಗ, ಮಗ್ಗದ ಲಾಳಿ ಓಡುವ ಸದ್ದನ್ನೇ ಹದಿನೈದು ಸೆಕೆಂಡು ಹಿಡಿದು ಹಾಕಿದೆ. ಅದನ್ನು ನಲವತ್ತು ಸಾವಿರಕ್ಕೂ ಹೆಚ್ಚು ಜನ ನೋಡಿದರು. ಹದಿನಾಲ್ಕು ಜನ ಅದರಲ್ಲಿ ಕಾಣುತ್ತಿದ್ದ ಒಂದೇ ಒಂದು ಚಂದ್ರಕಾಳಿ ಸೀರೆಯನ್ನು ಕೇಳಿದರು. ಒಂದು ಸೀರೆ ಮಗ್ಗದಿಂದ ಇಳಿಯಲು ನಮ್ಮಲ್ಲಿ ನಾಲ್ಕರಿಂದ ಏಳು ದಿನ ಬೇಕು. ಒಬ್ಬರಿಗೆ ಕೊಟ್ಟು ಉಳಿದ ಹದಿಮೂರು ಜನರಿಗೆ ಇಲ್ಲ ಎನ್ನುವಾಗ, ಗಿರಾಕಿಗಳನ್ನು ಕರೆಯುವುದು ಸುಲಭ, ಕರೆದ ಮೇಲೆ ಅವರ ಮುಂದೆ ಇಡಲು ಸಾಕಷ್ಟು ಸರಕು ಇರಬೇಕು ಎಂಬುದು ಮೊದಲ ಸಲ ಅರಿವಾಯಿತು. ಅಂದಿನಿಂದ ಮಗ್ಗದ ಮೇಲಿರುವ ಸೀರೆಯನ್ನು ತೋರಿಸುವಾಗ, ಯಾವ ವಾರ ಸಿದ್ಧವಾಗುತ್ತದೆ ಎಂದು ಬರೆದೇ ಹಾಕುತ್ತೇನೆ.

ತಪ್ಪು ನಡೆದದ್ದು 2021ರಲ್ಲಿ. ಅಂಗಡಿಗಳನ್ನು ಆನ್‌ಲೈನ್ ಪಟ್ಟಿಗಳಲ್ಲಿ ಸೇರಿಸಿಕೊಡುತ್ತೇನೆ ಎಂದು ಬಂದ ಒಬ್ಬ ಏಜೆಂಟರಿಗೆ ಆರು ಸಾವಿರ ರೂಪಾಯಿ ಕೊಟ್ಟೆವು. ಗೂಗಲ್ ನಕ್ಷೆಯಲ್ಲಿ ಅಂಗಡಿ ಕಾಣುವಂತೆ ಮಾಡಿದರು. ಮತ್ತೆರಡು ವ್ಯಾಪಾರಿ ಪಟ್ಟಿಗಳಲ್ಲೂ ಸೇರಿಸಿದರು. ಎಲ್ಲವನ್ನೂ ತಮ್ಮದೇ ಇಮೇಲ್‌ನಿಂದ ಮಾಡಿದ್ದರಿಂದ, ನಮ್ಮ ಅಂಗಡಿಯ ಹೆಸರು, ಸಮಯ, ವಿವರ ಯಾವುದನ್ನೂ ತಿದ್ದುವ ಅಧಿಕಾರ ನಮಗಿರಲಿಲ್ಲ. ಅದು ನಮಗೆ ಆಗ ತಿಳಿಯಲೂ ಇಲ್ಲ. ಅಂಗಡಿಯ ಹೆಸರಿನ ಮುಂದೆಯೇ ಅವರು "ಶುದ್ಧ ರೇಷ್ಮೆ ಇಳಕಲ್ ಸೀರೆ ಹೋಲ್‌ಸೇಲ್" ಎಂದು ಪೋಣಿಸಿದ್ದರು. ನಾನು ಕೇಳಿದಾಗ, ಜನ ಹುಡುಕುವುದೇ ಹಾಗೆ, ಅದೇ ಶಬ್ದ ಇದ್ದರೆ ಮೇಲೆ ಬರುತ್ತೀರಿ ಎಂದರು. ಮೇಲೆ ಬಂದದ್ದೂ ನಿಜ. ದಿನಕ್ಕೆ ಒಂದೆರಡು ಬರುತ್ತಿದ್ದ ಕರೆಗಳು ಎಂಟು ಹತ್ತಾದವು. ನಾನು ಆ ಶಬ್ದವನ್ನು ದಿನವೂ ನೋಡುತ್ತಿದ್ದೆ, ನೋಡಿಯೂ ಸುಮ್ಮನಿದ್ದೆ. ಮುಂದೆ ಕ್ಯಾಟಲಾಗ್‌ನಲ್ಲೂ ಹಲವು ಸೀರೆಗಳ ಕೆಳಗೆ ನಾನೇ "ರೇಷ್ಮೆ ಸೆರಗು" ಎಂದು ಬರೆಯತೊಡಗಿದೆ.

ಇಲ್ಲಿ ಇಳಕಲ್ ಸೀರೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಆ ಶಬ್ದದ ಭಾರ ತಿಳಿಯುವುದಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲಿಗೆ ಹಾಸು ಎನ್ನುತ್ತೇವೆ; ನಮ್ಮ ಸೀರೆಯ ಒಡಲಿನ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಒಡಲು ಸಾಮಾನ್ಯವಾಗಿ ಹತ್ತಿ. ಸೆರಗು ರೇಷ್ಮೆಯದೂ ಆಗಬಹುದು, ನಾವು ಚಮಕಾ ಎನ್ನುವ ಆರ್ಟ್ ಸಿಲ್ಕ್‌ನದೂ, ಅಂದರೆ ಕೃತಕ ರೇಷ್ಮೆಯದೂ, ಆಗಬಹುದು. ಆ ಎರಡು ಹಾಸುಗಳನ್ನು ಎಳೆ ಎಳೆಯಾಗಿ ಕುಣಿಕೆ ಹಾಕಿ ಒಂದರೊಳಗೊಂದು ಸಿಕ್ಕಿಸುತ್ತಾರೆ. ಕೊಂಡಿ ಎನ್ನುವುದು ಇದಕ್ಕೇ. ಕೆಂಪು ಬಿಳಿ ಪಟ್ಟಿಗಳ ತೋಪು ತೆನೆ ಸೆರಗು ನಮ್ಮೂರಿನ ಗುರುತು. ಇಳಕಲ್ ಸೀರೆಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಚಮಕಾ ಸೆರಗಿನ ಸೀರೆ ಕೀಳೇನಲ್ಲ. ಹೊಲಕ್ಕೆ, ಸಂತೆಗೆ, ಮದುವೆಗೆ ಅದನ್ನುಟ್ಟು ಬಾಳಿದ ಹೆಂಗಸರು ಉತ್ತರ ಕರ್ನಾಟಕದ ಮನೆಮನೆಯಲ್ಲಿದ್ದಾರೆ. ಚಮಕಾವನ್ನು ಚಮಕಾ ಎಂದೇ ಕರೆದು ಮಾರಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ. ಪುಣೆಗೆ 2,800 ರೂಪಾಯಿಗೆ ಹೋದ ಆ ಸೀರೆಯ ಸೆರಗು ಚಮಕಾದ್ದು. ಬೆಲೆಯೂ ಚಮಕಾದ್ದೇ ಆಗಿತ್ತು, ಹೆಸರು ಮಾತ್ರ ರೇಷ್ಮೆಯದು.

ಅಮಾವಾಸ್ಯೆಯಂದು ನಮ್ಮ ಮಗ್ಗಗಳಿಗೆ ಬಿಡುವು, ಹಾಗಾಗಿ ಎಲ್ಲರೂ ಮನೆಯಲ್ಲಿದ್ದರು. ಆ ಒಂದು ನಕ್ಷತ್ರ ನೋಡಿ ನನ್ನ ಯಜಮಾನರು ಕಂಗೆಟ್ಟರು. ಪರಿಚಯದವರಿಗೆ ಹೇಳಿ ಹತ್ತು ಹನ್ನೆರಡು ಒಳ್ಳೆಯ ಅಭಿಪ್ರಾಯ ಬರೆಯಿಸಿದರೆ ಇದು ಕೆಳಗೆ ಹೋಗುತ್ತದೆ ಎಂದರು. ಏಜೆಂಟರಿಗೆ ಫೋನ್ ಮಾಡಿದರೆ, ದುಡ್ಡು ಕೊಟ್ಟರೆ ಐವತ್ತು ಬೇಕಾದರೂ ಬರೆಯಿಸುತ್ತೇನೆ ಎಂಬ ಉತ್ತರ ಬಂತು. ಅಂಥ ಅಭಿಪ್ರಾಯಗಳು ಗೂಗಲ್‌ನ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಅಂಗಡಿಯ ಪುಟವೇ ಹೋಗಬಹುದು ಎಂದು ನಾನು ಓದಿದ್ದೆ. ಆದರೆ ನಾನು ಬೇಡವೆಂದದ್ದು ಆ ಹೆದರಿಕೆಗಲ್ಲ. ಅಜ್ಜಿಯ ಸೀರೆಯ ನೆನಪಿನಿಂದ ನಮ್ಮನ್ನು ಹುಡುಕಿಕೊಂಡು ಬಂದ ಆ ಹೆಣ್ಣುಮಗಳ ಮಾತನ್ನು ಐವತ್ತು ಸುಳ್ಳುಗಳ ಕೆಳಗೆ ಹೂಳುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಅತ್ತೆ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಸೀರೆಯನ್ನು ಎತ್ತಿಕೊಂಡು ಹೊಸ್ತಿಲಿನ ಬಳಿ ಕೂತು, ಬೆಳಕಿಗೆ ಹರವಿದರು. ನನ್ನ ಫೋನಿನಲ್ಲಿದ್ದ ಫೋಟೋ ಕೇಳಿ, ಎರಡನ್ನೂ ಪಕ್ಕದಲ್ಲಿ ಹಿಡಿದು ನೋಡಿದರು. "ಇದನ್ನ ಟ್ಯೂಬ್‌ಲೈಟಿನ ಕೆಳಗ ಯಾಕ ತಗದಿ? ದಾಳಿಂಬರಿ ಕೆಂಪು ಹೋಗಿ ಕುಂಕುಮ ಆಗೇತಿ" ಎಂದರು. ಆಮೇಲೆ ಸೆರಗು ಮಗುಚಿ, ಒಡಲೂ ಸೆರಗೂ ಕೂಡುವ ಗೆರೆಯ ಮೇಲೆ ಹೆಬ್ಬೆರಳಾಡಿಸಿದರು. ಒಳಮೈಯಲ್ಲಿ ಆ ಗೆರೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಸಾಸಿವೆಗಿಂತ ಸಣ್ಣ ಕುಣಿಕೆಗಳು ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ಕೂತಿರುತ್ತವೆ. ಒಂದು ಕಡೆ ಹತ್ತಿಯ ಮಂಕು, ಇನ್ನೊಂದು ಕಡೆ ಚಮಕಾದ ಹೊಳಪು, ನಡುವೆ ಎರಡೂ ಒಂದನ್ನೊಂದು ಹಿಡಿದುಕೊಂಡಂತೆ. "ಬಂದ ಗಿರಾಕಿ ಮೊದಲ ನೋಡೋದು ಇದನ್ನ. ನೀ ಇಷ್ಟು ಫೋಟೋ ತಗದೀಯಲ್ಲ, ಒಂದರಾಗರ ಒಳಮೈ ಐತೇನು?" ಎಂದು ಕೇಳಿದರು. ಕ್ಯಾಟಲಾಗ್‌ನಲ್ಲಿ ಆಗ 64 ಸೀರೆಗಳಿದ್ದವು. ಒಂದರಲ್ಲೂ ಇರಲಿಲ್ಲ.

ಎರಡು ವರ್ಷ ನಾನು ಮಾರಾಟದ ಬಗ್ಗೆ ಎಷ್ಟೋ ಕಲಿತಿದ್ದೆ: ಯಾವ ಹೊತ್ತಿನಲ್ಲಿ ವಿಡಿಯೋ ಹಾಕಬೇಕು, ಯಾವ ಹಾಡು ಸೇರಿಸಿದರೆ ಹೆಚ್ಚು ಜನ ನೋಡುತ್ತಾರೆ, ಹ್ಯಾಷ್‌ಟ್ಯಾಗ್ ಎಷ್ಟಿರಬೇಕು. ಗಾದಿಯ ಮೇಲೆ ಅತ್ತೆ ಮಾಡುತ್ತಿದ್ದ ಕೆಲಸವನ್ನು ಮಾತ್ರ ಕಲಿತಿರಲಿಲ್ಲ. ಎದುರಿಗಿರುವ ಗಿರಾಕಿಯ ಕೈಗೆ ಬಟ್ಟೆ ತಾನೇ ತನ್ನ ವಿಷಯ ಹೇಳಿಕೊಳ್ಳುತ್ತದೆ. ಪುಣೆಯಲ್ಲಿ ಕೂತವರ ಕೈ ನಮ್ಮ ಬಟ್ಟೆಗೆ ಎಟಕುವುದಿಲ್ಲವಾದ್ದರಿಂದ, ಆ ಕೈಗೆ ತಿಳಿಯಬೇಕಾಗಿದ್ದನ್ನೆಲ್ಲ ಫೋಟೋ ಮತ್ತು ಬರಹವೇ ತಿಳಿಸಬೇಕು. ನಾನು ಬರೆದದ್ದು ಕೈಗೆ ತಿಳಿಯುವುದಕ್ಕೆ ತದ್ವಿರುದ್ಧವಾದದ್ದಾಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಕೂತ ಕೆಲಸ ರಾತ್ರಿ ಹತ್ತಕ್ಕೆ ನಿಂತಿತು, ಮತ್ತೆ ನಾಲ್ಕು ದಿನ ನಡೆಯಿತು. ಹೊಸ್ತಿಲಿನ ಪಕ್ಕ, ನೇರ ಬಿಸಿಲು ಬೀಳದೆ ಬೆಳಕು ಮಾತ್ರ ಬರುವ ಜಾಗದಲ್ಲಿ, ಬಣ್ಣ ಸರಿಯಾಗಿ ಬರಲೆಂದು ಸೀರೆಯ ಪಕ್ಕ ಒಂದು ಬಿಳಿ ಹಾಳೆ ಇಟ್ಟು, ಪ್ರತಿ ಸೀರೆಯ ನಾಲ್ಕು ಫೋಟೋ ತೆಗೆದೆವು: ಪೂರ್ತಿ ಹರವಿದ್ದು, ದಡಿ, ಸೆರಗಿನ ಹೊರಮೈ, ಕುಣಿಕೆ ಕಾಣುವ ಒಳಮೈ. ಅತ್ತೆ ಸೀರೆ ಹಿಡಿದರು, ನಾನು ತೆಗೆದೆ. ವಿವರದಲ್ಲಿ ಒಡಲಿನ ನೂಲು ಯಾವುದು, ಸೆರಗು ರೇಷ್ಮೆಯೋ ಆರ್ಟ್ ಸಿಲ್ಕೋ, ಕೈಮಗ್ಗದ್ದೋ ಪವರ್‌ಲೂಮಿನದೋ, ಎಷ್ಟು ಗಜ, ಮೊದಲ ಒಗೆತದಲ್ಲಿ ಬಣ್ಣ ಬಿಡುತ್ತದೆಯೋ ಇಲ್ಲವೋ, ಇಷ್ಟನ್ನು ಬರೆದೆ. 64ರಲ್ಲಿ ನಿಜವಾಗಿ ರೇಷ್ಮೆಯ ಸೆರಗಿದ್ದ ಸೀರೆಗಳು ಹನ್ನೊಂದು. ಉಳಿದ 53ರ ಕೆಳಗೆ ಆರ್ಟ್ ಸಿಲ್ಕ್ ಎಂದು ಬರೆಯುವಾಗ ಯಜಮಾನರು ಹತ್ತಿರ ನಿಂತು ನೋಡಿದರು, ತಡೆಯಲಿಲ್ಲ.

ಗೂಗಲ್‌ನ ಪುಟ ನಮ್ಮ ಕೈಯಲ್ಲಿಲ್ಲ ಎಂಬುದು ಅಂದು ತಿದ್ದಲು ಹೋದಾಗಲೇ ಗೊತ್ತಾದದ್ದು. ಮಾಲೀಕತ್ವ ಕೋರಿ ಅಲ್ಲಿಂದಲೇ ಮನವಿ ಕಳಿಸುವ ದಾರಿಯಿದೆ. ಕಳಿಸಿ, ಏಜೆಂಟರಿಗೂ ಫೋನಿನಲ್ಲಿ ಗಟ್ಟಿಯಾಗಿ ಹೇಳಿದ ಮೇಲೆ ಕೆಲವು ದಿನಗಳಲ್ಲಿ ಕೈಗೆ ಬಂತು. ಹೆಸರಿಗೆ ಅಂಟಿಸಿದ್ದ ಬಾಲಂಗೋಚಿಯನ್ನೆಲ್ಲ ಕಿತ್ತು, ಅಂಗಡಿಯ ಫಲಕದಲ್ಲಿ ಏನಿದೆಯೋ ಅಷ್ಟನ್ನೇ ಉಳಿಸಿದೆ. ಗೂಗಲ್‌ನ ನಿಯಮವೂ ಅದನ್ನೇ ಹೇಳುತ್ತದೆ. ಜನ ಯಾವ ಶಬ್ದ ಹುಡುಕಿ ನಮ್ಮ ಪುಟಕ್ಕೆ ಬಂದರು ಎಂಬುದನ್ನು ಅದೇ ಪುಟ ತೋರಿಸುತ್ತದೆ. ನೋಡಿದರೆ, ಚೀಟಿಯಲ್ಲಿದ್ದಂತೆ, ಇರಕಲ್ ಎಂಬ ಶಬ್ದ ತುಂಬ ಮೇಲಿತ್ತು. ಮಹಾರಾಷ್ಟ್ರದಲ್ಲಿ ನಮ್ಮ ಸೀರೆಗೆ ಇರುವ ಹೆಸರು ಅದು. ಸೊಲ್ಲಾಪುರದ ವ್ಯಾಪಾರಿಗಳ ಬಾಯಲ್ಲಿ ಎಷ್ಟೋ ಸಲ ಕೇಳಿದ್ದರೂ, ಅದನ್ನು ವಿವರದಲ್ಲಿ ಬರೆಯಬೇಕೆಂದು ನನಗೆ ಹೊಳೆದಿರಲಿಲ್ಲ. ರೇಷ್ಮೆ ಎಂಬ ಸುಳ್ಳು ಶಬ್ದ ತೆಗೆದ ಜಾಗದಲ್ಲಿ ಈ ನಿಜವಾದ ಶಬ್ದವನ್ನು ಮರಾಠಿಯಲ್ಲೇ ಹಾಕಿದೆ.

ಪುಣೆಯವರಿಗೆ ಸೀರೆಯ ಹಣ, ಎರಡೂ ಕಡೆಯ ಅಂಚೆ ಖರ್ಚು ಅಂದೇ ಕಳಿಸಿದೆವು. ಪುಟ ಕೈಗೆ ಬಂದ ಮೇಲೆ ಅಭಿಪ್ರಾಯದ ಕೆಳಗೆ ಉತ್ತರವನ್ನೂ ಬರೆದೆ. ನೀವು ಬರೆದದ್ದು ಸರಿ, ಸೆರಗು ಆರ್ಟ್ ಸಿಲ್ಕ್‌ನದು, ರೇಷ್ಮೆ ಎಂದು ಬರೆದದ್ದು ನಮ್ಮ ತಪ್ಪು, ಬಣ್ಣದ ಫೋಟೋವೂ ತಪ್ಪಾಗಿತ್ತು, ಎಲ್ಲವನ್ನೂ ತಿದ್ದುತ್ತಿದ್ದೇವೆ ಎಂದಷ್ಟೇ. ಅವರು ಹಣ ಸೇರಿತೆಂದು ಒಂದು ಸಾಲು ಬರೆದರು. ನಕ್ಷತ್ರ ಬದಲಿಸಲಿಲ್ಲ, ನಾನೂ ಕೇಳಲಿಲ್ಲ. ಅದು ಈಗಲೂ ಅಲ್ಲಿದೆ.

ಆದರೆ ಚೀಟಿ ಕಳಿಸಿದವರು ಒಬ್ಬರು. ಅದೇ ಮಾತು ನಂಬಿ ಕೊಂಡವರು ಎಷ್ಟೋ. ಹಿಂದಿನ ಒಂದು ವರ್ಷದ ಲೆಕ್ಕದ ಪುಸ್ತಕ ತೆಗೆದು ನೋಡಿದಾಗ 23 ಜನ ಸಿಕ್ಕರು. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಒಂದೇ ಸಂದೇಶ ಕಳಿಸಿದೆ. ಅದು ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಹೋಗುತ್ತದೆ. ಒಂಬತ್ತು ಜನರಿಗಷ್ಟೇ ತಲುಪಿತು. ಉಳಿದ ಹದಿನಾಲ್ಕು ಜನರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿದೆ. ನಾಲಿಗೆ ಒಣಗುವ ಕೆಲಸ ಅದು. ಮೂವರು ಸೀರೆ ಮರಳಿಸಿದರು. ಬೆಂಗಳೂರಿನ ಒಬ್ಬ ಹಿರಿಯರು, ನನಗೆ ಆಗಲೇ ಗೊತ್ತಿತ್ತಮ್ಮ, ನೀವು ಹೇಳುತ್ತೀರೋ ಇಲ್ಲವೋ ಅಂದುಕೊಂಡಿದ್ದೆ ಎಂದರು.

ಮುಂದಿನ ಎರಡು ತಿಂಗಳು ಕರೆಗಳು ಇಳಿದವು. ಶ್ರಾವಣದಲ್ಲಿ ಇಳಿದದ್ದು ನಮ್ಮ ಮನೆಗೆ ಭಾರವೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ವ್ಯಾಪಾರಿ ಪಟ್ಟಿಯಲ್ಲಿ ಏಜೆಂಟರು ನಮ್ಮನ್ನು ಯಾವ ವಿಭಾಗಕ್ಕೆ ಸೇರಿಸಿದ್ದರೋ, ಇಳಕಲ್ ಕೆಂಪು ಗ್ರಾನೈಟ್‌ನ ಬೆಲೆ ಕೇಳುವ ಕರೆಗಳು ಮಾತ್ರ ನಿಲ್ಲದೆ ಬಂದವು; ಅದನ್ನು ತಿದ್ದಿಸಲು ದಸರೆಯವರೆಗೆ ಹಿಡಿಯಿತು. ಸೇನೆಯಲ್ಲಿದ್ದೇನೆ, ಹತ್ತು ಸೀರೆ ಬೇಕು, ಹಣ ಪಡೆಯಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದವರೊಬ್ಬರೂ ಆ ದಿನಗಳಲ್ಲೇ ಗಂಟುಬಿದ್ದರು. ಹಣ ಪಡೆಯುವುದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ ಎಂಬುದು ಗೊತ್ತಿದ್ದುದರಿಂದ ಪಾರಾದೆವು. ನಂಬರನ್ನು ಊರಿಗೆಲ್ಲ ಕೊಟ್ಟ ಮೇಲೆ ಇಂಥವರೂ ಬರುತ್ತಾರೆ, ಹೊಸದಾಗಿ ಶುರುಮಾಡುವ ಹೆಣ್ಣುಮಕ್ಕಳು ಇದನ್ನು ಮೊದಲೇ ತಿಳಿದಿರಬೇಕು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಸೊಲ್ಲಾಪುರದ ಕಡೆಯ ಒಂದು ಕಾರು ಅಂಗಡಿಯ ಮುಂದೆ ನಿಂತಿತು. ಕೂಡಲಸಂಗಮಕ್ಕೆ ಬಂದವರು, ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು. ಹಿರಿಯ ಮಗಳು ಫೋನಿನಲ್ಲಿ ನಮ್ಮ ಪುಟ ತೆರೆದು, ಒಂದು ನಕ್ಷತ್ರದ ಕೆಳಗಿದ್ದ ಉತ್ತರ ತೋರಿಸಿ, ಇದನ್ನು ಬರೆದವರು ಯಾರು ಎಂದು ಕೇಳಿದಳು. ನಾನೇ ಎಂದೆ. ತಾಯಿ ಗಾದಿಯ ಮೇಲೆ ಕೂತು ಹಸಿರು ಒಡಲಿನ ಒಂದು ಸೀರೆ ಕೇಳಿದರು. ನಾನು ಬಿಚ್ಚುವ ಮೊದಲೇ ಅದನ್ನು ಕೈಗೆ ತೆಗೆದುಕೊಂಡು, ಸೆರಗು ಹುಡುಕಿ, ಮಗುಚಿ, ಒಳಮೈಯ ಕುಣಿಕೆಗಳ ಮೇಲೆ ಹೆಬ್ಬೆರಳಾಡಿಸಿದರು. ಎದುರಿಗೆ ಕೂತಿದ್ದ ಅತ್ತೆ ಮುಂದಕ್ಕೆ ಸರಿದು, ಸೀರೆಯ ಇನ್ನೊಂದು ತುದಿ ಹಿಡಿದುಕೊಂಡರು.